ಕೊನೆಯ ನೋಟಿಸ್‌ನಿಂದ ಹಿಂದಕ್ಕೆ: ನಕ್ಷೆ ತಿದ್ದುವ ಕೆಲಸದಲ್ಲಿ ನನ್ನ ಅನುಭವ

ಸೆಕೆಂಡ್ ಆಫೀಸರ್ ಆಗಿ ನಾನು ಹತ್ತಿದ ಒಂದು ಹಡಗಿನಲ್ಲಿ ಹೆಚ್ಚುಕಡಿಮೆ 11 ವಾರಗಳ ನೋಟಿಸಸ್ ಟು ಮ್ಯಾರಿನರ್ಸ್, ಅಂದರೆ ಸಮುದ್ರದ ನಕ್ಷೆಗಳಲ್ಲಿ ಮಾಡಬೇಕಾದ ತಿದ್ದುಪಡಿಗಳ ವಾರದ ಪ್ರಕಟಣೆಗಳು, ಬಾಕಿ ಬಿದ್ದಿದ್ದವು. ಕಾಗದದ ನಕ್ಷೆಗಳು ಎಂಟುನೂರರ ಆಸುಪಾಸು. ಹಳೆಯ ವಾರದಿಂದ ಹೊಸ ವಾರಕ್ಕೆ ತಿದ್ದುತ್ತ ಬರಬೇಕೆಂಬುದು ಅಲ್ಲಿನ ರೂಢಿಯಾಗಿತ್ತು, ಮೊದಲ ತಿಂಗಳು ನಾನೂ ಹಾಗೆಯೇ ಮಾಡಿದೆ. ಬಂದರಿನ ಪ್ರವೇಶದ ನಕ್ಷೆಯೊಂದರಲ್ಲಿ ಒಂದೇ ಬಾಯ್ (ದಾರಿ ತೋರಿಸುವ ತೇಲುಗುರುತು) ಅನ್ನು ನಾಲ್ಕು ಬಾರಿ ಸ್ಥಳಾಂತರಿಸಿದ ಮೇಲೆ ಐದನೆಯ ನೋಟಿಸ್ ಅದನ್ನು ತೆಗೆದೇ ಹಾಕಬೇಕೆಂದು ಹೇಳಿತು. ಅಷ್ಟರಲ್ಲಿ ಆ ಜಾಗವು ಮಜೆಂಟಾ ಶಾಯಿಯ ಗೀಟುಗಳಿಂದ ತುಂಬಿಹೋಗಿ ಅಡಿಯಲ್ಲಿದ್ದ ಆಳದ ಅಂಕಿಗಳು ಓದಲಾಗದಂತಾಗಿದ್ದವು. ಬದಲಿ ನಕ್ಷೆಯನ್ನು ತುರ್ತಾಗಿ ತರಿಸಬೇಕಾಯಿತು. ನಕ್ಷೆಯ ಬೆಲೆಗಿಂತ ಸಾಗಣೆಯ ವೆಚ್ಚವೇ ನಾಲ್ಕು ಪಟ್ಟು ಆಯಿತೆಂದು ನೆನಪು.

ಅಂದಿನಿಂದ ನಾನು ಕೊನೆಯ ನೋಟಿಸ್‌ನಿಂದ ಹಿಂದಕ್ಕೆ ತಿದ್ದತೊಡಗಿದೆ. ಹೀಗೆ ಮಾಡಿದರೆ ತಿದ್ದುಪಡಿಗಳ ಸರಣಿಯಲ್ಲಿ ಕೊಂಡಿ ತಪ್ಪುತ್ತದೆಂದು ಚೀಫ್ ಆಫೀಸರ್ ಎಚ್ಚರಿಸಿದರು, ಅವರ ಮಾತಿನಲ್ಲಿ ಹುರುಳಿತ್ತು. ಆದ್ದರಿಂದ ಬಾಕಿಯಿರುವ ಎಲ್ಲ ಸಂಖ್ಯೆಗಳನ್ನೂ ಮೊದಲು ನಕ್ಷೆಯ ಕೆಳಗಿನ ಎಡ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಪ್ರತಿ ನೋಟಿಸ್‌ನಲ್ಲಿ ಕೊಟ್ಟಿರುವ ಹಿಂದಿನ ತಿದ್ದುಪಡಿಯ ಸಂಖ್ಯೆಯೊಡನೆ ತಾಳೆ ನೋಡಿ, ಕೆಲಸ ಮುಗಿದಂತೆ ಒಂದೊಂದನ್ನೇ ಶಾಯಿಯಲ್ಲಿ ಬರೆಯುವುದನ್ನು ರೂಢಿಸಿಕೊಂಡೆ. ಹೀಗಿದ್ದೂ ಒಮ್ಮೆ ದೊಡ್ಡ ತಪ್ಪು ಮಾಡಿದೆ. ಬ್ಲಾಕ್, ಅಂದರೆ ನಕ್ಷೆಯ ಒಂದು ಭಾಗದ ಮೇಲೆ ಅಂಟಿಸಲು ಅಚ್ಚಾಗಿ ಬರುವ ಹೊಸ ತುಂಡು, ಅಂಟಿಸಿದ ಮೇಲೆ ಅದಕ್ಕಿಂತ ಹಳೆಯ ನೋಟಿಸ್‌ಗಳೆಲ್ಲ ಅದರಲ್ಲೇ ಅಡಕವಾಗಿವೆಯೆಂದು ಭಾವಿಸಿದ್ದೆ. ಬ್ಲಾಕಿನ ಅಂಚಿನಿಂದ ಸುಮಾರು ಎರಡು ಮೈಲಿ ಆಚೆಗೆ ಮುಳುಗಿದ ಹಡಗೊಂದರ ಗುರುತು ಹಾಕದೆಯೇ ಉಳಿದಿತ್ತು. ಮರುಪರಿಶೀಲನೆಯಲ್ಲಿ ಅದು ಸಿಕ್ಕಿದ್ದು ನಮ್ಮ ಪುಣ್ಯ. ಈಗ ಬ್ಲಾಕಿನ ನಾಲ್ಕು ಅಂಚುಗಳ ಹೊರಗೆ ಬೀಳುವ ಹಳೆಯ ನೋಟಿಸ್‌ಗಳನ್ನು ಬೇರೆಯಾಗಿಯೇ ನೋಡುತ್ತೇನೆ. ಅಂದ ಹಾಗೆ, ಅಂಟನ್ನು ಬ್ಲಾಕಿಗೆ ಹಚ್ಚದೆ ನಕ್ಷೆಗೆ ಹಚ್ಚಿದರೆ ಬ್ಲಾಕ್ ಹಿಗ್ಗುವುದಿಲ್ಲ, ಅಕ್ಷಾಂಶದ ಗೆರೆಗಳು ಸರಿಯಾಗಿ ಕೂಡುತ್ತವೆ.

ಮುಂದಿನ ಯಾನದ ನಕ್ಷೆಗಳನ್ನಷ್ಟೇ ಮೊದಲು ತಿದ್ದಿ, ಉಳಿದವನ್ನು ಲಾಗ್‌ನಲ್ಲಿ ದಾಖಲಿಸಿಟ್ಟುಕೊಂಡೆ. ಐದಾರು ವಾರಗಳಲ್ಲಿ ಬಾಕಿ ತೀರಿತು. ಆಮೇಲಿನ ತಪಾಸಣೆಯಲ್ಲಿ ಯಾದೃಚ್ಛಿಕವಾಗಿ ತೆಗೆದ ಆರು ನಕ್ಷೆಗಳಲ್ಲಿ ಒಂದು ದೋಷವೂ ಸಿಗಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಎಕ್ಡಿಸ್ (ಪರದೆಯ ಮೇಲೆ ಎಲೆಕ್ಟ್ರಾನಿಕ್ ನಕ್ಷೆ ತೋರಿಸುವ ವ್ಯವಸ್ಥೆ) ಬಂದ ಮೇಲೆ ಈ ಶ್ರಮವೆಲ್ಲ ವ್ಯರ್ಥವೆಂದವರಿದ್ದರು. ಆದರೆ ಅಪ್‌ಡೇಟ್ ಯಶಸ್ವಿಯಾಯಿತೆಂಬ ಸಂದೇಶವು ತಾತ್ಕಾಲಿಕ ಮತ್ತು ಪೂರ್ವಭಾವಿ (ಮುಂದೆ ಆಗಲಿರುವ ಬದಲಾವಣೆಗಳ) ನೋಟಿಸ್‌ಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆಲವು ದೇಶಗಳ ಜಲಮಾಪನ ಕಚೇರಿಗಳು ಅವನ್ನು ಇ.ಎನ್.ಸಿ.ಯಲ್ಲಿ, ಅಂದರೆ ಅಧಿಕೃತ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ, ಸೇರಿಸುವುದಿಲ್ಲ. ಆದ್ದರಿಂದ ನಾನು ಅವುಗಳ ರಿಜಿಸ್ಟರನ್ನು ನಕ್ಷೆಯ ಸಂಖ್ಯೆಗೆ ಬದಲಾಗಿ ಯಾನದ ಹಂತಗಳ ಪ್ರಕಾರ ಇಡುತ್ತೇನೆ, ಅಗತ್ಯವಾದುದನ್ನು ಕೈಯಿಂದಲೇ ಎಕ್ಡಿಸ್‌ಗೆ ಸೇರಿಸುತ್ತೇನೆ. ಪರದೆಯ ಮೇಲೆ ಆ ಕಿತ್ತಳೆ ಗುರುತುಗಳು ಕಂಡರೇನೇ ನನಗೆ ಸಮಾಧಾನ. ರದ್ದಾದ ನೋಟಿಸ್‌ಗಳನ್ನು ಒಂದೇ ನೋಟಕ್ಕೆ ಹಿಡಿಯುವ ನನ್ನ ಬಣ್ಣದ ಚೀಟಿಯ ಕ್ರಮವನ್ನು ಮಾತ್ರ ನನ್ನಿಂದ ಚಾರ್ಜ್ ತೆಗೆದುಕೊಳ್ಳುವವರಿಗಷ್ಟೇ ಹೇಳಿಕೊಡುತ್ತೇನೆ.

ಖರ್ಚಿನ ವಿಷಯದಲ್ಲಿ, ಇಡೀ ಪ್ರದೇಶದ ಎಲೆಕ್ಟ್ರಾನಿಕ್ ನಕ್ಷೆಗಳನ್ನು ಬಳಸಲು ಹನ್ನೆರಡು ತಿಂಗಳ ಪರ್ಮಿಟ್ ಕೊಳ್ಳುವ ಅಭ್ಯಾಸವನ್ನು ಬಿಡಿಸಿ, ಅಪರೂಪದ ಮಾರ್ಗಗಳ ನಕ್ಷಾ ಸೆಲ್‌ಗಳಿಗೆ ಮೂರು ತಿಂಗಳದ್ದನ್ನೇ ತರಿಸಿದೆ. ವರ್ಷದ ಬಿಲ್ ಮೂರನೇ ಒಂದರಷ್ಟು ಇಳಿಯಿತು. ಒಮ್ಮೆ ಮಾತ್ರ ಯಾನದ ಆದೇಶ ದಿಢೀರನೆ ಬದಲಾಗಿ, ಪರ್ಮಿಟ್ ಬರುವವರೆಗೆ ಅರ್ಧ ದಿನ ಲಂಗರಿನಲ್ಲಿ ಕಾಯಬೇಕಾಯಿತು. ಆ ಅರ್ಧ ದಿನದ ನಷ್ಟವು ಕೆಲವು ತಿಂಗಳ ಉಳಿತಾಯವನ್ನು ನುಂಗಿತು.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಮೂರು ನಕ್ಷತ್ರಗಳ ಗುರುತಿದ್ದ, ಅಂದರೆ ಸ್ಥಾನದ ನಿಖರತೆ ಸುಮಾರು 500 ಮೀಟರ್ ಎಂದಿದ್ದ ಪ್ರದೇಶದಲ್ಲಿ, ಹತ್ತು ನಿಮಿಷಕ್ಕೊಮ್ಮೆ ಎಕೋ ಸೌಂಡರ್ (ಶಬ್ದದಿಂದ ಆಳ ಅಳೆಯುವ ಸಾಧನ) ಓದಿಕೆಯನ್ನು ಬರೆದುಕೊಂಡೆ. ಹಡಗಿನ ತಳದಡಿಯ ನೀರಿನ ಓದಿಕೆಗೆ ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ) ಕೂಡಿಸಿ, ಉಬ್ಬರದ ಎತ್ತರವನ್ನು ಕಳೆದಾಗ, ಒಂದು ಕಡೆ ಆಳವು ನಕ್ಷೆಯದ್ದಕ್ಕಿಂತ ಎರಡು ಮೀಟರಿನಷ್ಟು ಕಡಿಮೆ ಬಂತು. ಮರಳುವಾಗಲೂ ಅಷ್ಟೇ. ಓದಿಕೆ, ಸಮಯ, ಸ್ಥಾನಗಳೊಡನೆ ನಕ್ಷೆಯ ಲೋಪಗಳನ್ನು ಜಲಮಾಪನ ಕಚೇರಿಗೆ ತಿಳಿಸುವ ಎಚ್.102 ನಮೂನೆಯನ್ನು ತುಂಬಿ ಕಳುಹಿಸಿದೆ. ಹೆಚ್ಚುಕಡಿಮೆ ಐದು ತಿಂಗಳ ಬಳಿಕ ಬಂದ ನೋಟಿಸಸ್‌ನ ವಾರದ ಸಂಚಿಕೆಯಲ್ಲಿ ಆ ಜಾಗಕ್ಕೆ ಹೊಸ ಆಳ ಅಚ್ಚಾಗಿತ್ತು. ಆ ತಿದ್ದುಪಡಿಯನ್ನು ಕಾಗದದ ನಕ್ಷೆಯಲ್ಲಿ ನಾನೇ ಶಾಯಿಯಲ್ಲಿ ಹಾಕಿ, ಎಡ ಅಂಚಿನಲ್ಲಿ ಅದರ ಸಂಖ್ಯೆಯನ್ನು ಬರೆದೆ.