ಹಳೇ ಕಾರಿನ ಹಾರ್ನ್ ಬಿಸಾಡಬೇಡಿ, ಬಿಚ್ಚಿ ನೋಡಿ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಗೆ ಗಾಡಿ ಹತ್ತಿಸಿದವರಿಗೆ ಗೊತ್ತು, ಅಲ್ಲಿ ಹಾರ್ನ್ ಇಲ್ಲದೆ ಒಂದು ತಿರುವನ್ನೂ ನಂಬುವ ಹಾಗಿಲ್ಲ. ಜುಲೈ ತಿಂಗಳ ಮಂಜಿನಲ್ಲಿ ಎದುರು ಗಾಡಿಯ ಲೈಟ್ ಕಾಣುವ ಮೊದಲೇ ಅದರ ಹಾರ್ನ್ ಕೇಳಬೇಕು. ನಮ್ಮ ಮನೆಯ 1968ರ ಅಂಬಾಸಿಡರ್ ಮಾರ್ಕ್ 2ರ ಹಾರ್ನ್ ಕೈಕೊಟ್ಟಿದ್ದೂ ಅಂಥದೇ ಮಳೆಗಾಲದಲ್ಲಿ. ಗ್ಯಾರೇಜಿನಲ್ಲಿ ಕೇಳಿದರೆ, ‘ಇದು ಸತ್ತುಹೋಗಿದೆ, ಹೊಸದು ಹಾಕ್ಸಿ’ ಅಂದರು. ಮನಸ್ಸು ಒಪ್ಪಲಿಲ್ಲ. ಆ ದಪ್ಪ ದನಿ ಕೇಳಿದರೆ ಸಾಕು, ಯಾರು ಬಂದರೆಂದು ತೋಟದ ಗೇಟಿನಲ್ಲಿ ಇದ್ದವರಿಗೆ ಗೊತ್ತಾಗುತ್ತಿತ್ತು. ಮನೆಗೆ ತಂದು ಬಿಚ್ಚಿದೆ. ಒಂದು ಸಂಜೆಯಲ್ಲಿ ಸರಿಹೋಯಿತು.

ಹಳೇ ಹಾರ್ನ್ ಸಾಯುವುದು ಬಹಳ ಕಡಿಮೆ. ಒಳಗಿರುವುದು ಒಂದು ತಂತಿ ಸುತ್ತಿದ ಕಾಯಿಲ್, ಒಂದು ತೆಳು ಉಕ್ಕಿನ ತಟ್ಟೆ, ಕರೆಂಟನ್ನು ಕೂಡಿಸಿ ಬಿಡಿಸುವ ಒಂದು ಜೊತೆ ಲೋಹದ ಬಿಲ್ಲೆ ಅಂದರೆ ಪಾಯಿಂಟ್, ಅಷ್ಟೆ. ಕರೆಂಟ್ ಬಂದಾಗ ಕಾಯಿಲ್ ಅಯಸ್ಕಾಂತವಾಗಿ ತಟ್ಟೆಯನ್ನು ಎಳೆಯುತ್ತದೆ. ಎಳೆದ ಕೂಡಲೇ ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ನಿಲ್ಲುತ್ತದೆ. ತಟ್ಟೆ ವಾಪಸ್ ಬರುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಆಗುವುದೇ ನಮಗೆ ಕೇಳುವ ಸದ್ದು.

ಮೊದಲು ತಪ್ಪು ಹಾರ್ನ್‌ನದೋ ವೈರಿಂಗ್‌ನದೋ ನೋಡಿ. ಹಾರ್ನ್ ಬಿಚ್ಚಿ ತೆಗೆದು, 15 ಆಂಪಿಯರ್ ಫ್ಯೂಸ್ ಸೇರಿಸಿದ ದಪ್ಪ ವೈರಿನಿಂದ ನೇರ ಬ್ಯಾಟರಿಗೆ ಕೊಡಿ. ಬ್ಯಾಟರಿ ಪಕ್ಕದಲ್ಲಿ ಕಿಡಿ ಹಾರದ ಹಾಗೆ, ಕೊನೆಯ ಜೋಡಣೆಯನ್ನು ಹಾರ್ನ್ ತುದಿಯಲ್ಲೇ ಮಾಡಿ. ಒಂದೆರಡು ಸೆಕೆಂಡ್ ಸಾಕು. ಸದ್ದಿಲ್ಲದೆ ಕರೆಂಟ್ ಹರಿಯುತ್ತಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಪ್ಲಸ್ಸು ಮೈನಸ್ಸಿನ ಚಿಂತೆ ಬೇಡ, ಈ ಬಗೆಯ ಹಾರ್ನ್‌ಗೆ ಎರಡೂ ಒಂದೇ. ಆದರೆ ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಜೀಪಿನ ಹಾರ್ನ್ ಆದರೆ ಹುಷಾರು, ಅದು 6 ವೋಲ್ಟಿನದು. 12 ವೋಲ್ಟ್ ಕೊಡಬೇಡಿ.

ಇಲ್ಲಿ ಚೆನ್ನಾಗಿ ಕೂಗಿತೆಂದರೆ ಹಾರ್ನ್ ಸರಿಯಾಗಿದೆ. ಅನೇಕ ಹಳೇ ಗಾಡಿಗಳಲ್ಲಿ ಹಾರ್ನ್‌ಗೆ ಕರೆಂಟ್ ಮೊದಲೇ ಬಂದಿರುತ್ತದೆ, ಸ್ಟೀರಿಂಗ್ ಗುಂಡಿ ಒತ್ತಿದಾಗ ಅರ್ತ್, ಅಂದರೆ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸ್ ದಾರಿ, ಸಿಗುತ್ತದೆ. ಹಾಗಾಗಿ ಗುಂಡಿಯ ಕೆಳಗಿನ ತುಕ್ಕು, ಸ್ಟೀರಿಂಗ್ ಕಂಬದೊಳಗೆ ಸವೆದ ವೈರ್, ಸಡಿಲ ಅರ್ತ್ ಇವನ್ನು ಹುಡುಕಿ. ಗುಂಡಿ ಒತ್ತಿದಾಗ ಹಾರ್ನ್‌ನ ಎರಡು ತುದಿಗಳ ನಡುವೆ ಮೀಟರ್ 11 ವೋಲ್ಟಿಗಿಂತ ಕಡಿಮೆ ತೋರಿಸಿದರೆ ದಾರಿಯಲ್ಲೇ ಎಲ್ಲೋ ತುಕ್ಕು ಅಥವಾ ಸಡಿಲ ಜೋಡಣೆ ವೋಲ್ಟೇಜ್ ತಿನ್ನುತ್ತಿದೆ. ಬ್ಯಾಟರಿ ಚಾರ್ಜ್ ಇದೆಯಾ ಅಂತಲೂ ನೋಡಿಕೊಳ್ಳಿ.

ನೇರ ಬ್ಯಾಟರಿಗೆ ಕೊಟ್ಟರೂ ಕೂಗಲಿಲ್ಲವೆಂದರೆ ಕಿವಿಗೊಟ್ಟು ಕೇಳಿ. ಒಂದೇ ಒಂದು ‘ಟಿಕ್’ ಬಂದರೆ ತಟ್ಟೆ ಎಳೆದಿದೆ, ಪಾಯಿಂಟ್ ಬಿಡುತ್ತಿಲ್ಲ. ಏನೂ ಕೇಳದಿದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ತಂತಿ ಕಡಿದಿದೆ. ಕಪ್ಪೆಯ ಹಾಗೆ ವಟಗುಟ್ಟಿದರೆ ತಟ್ಟೆಗೆ ತುಕ್ಕು ಹಿಡಿದಿದೆ, ಇಲ್ಲವೇ ಅಡ್ಜಸ್ಟ್ ತಪ್ಪಿದೆ.

ಬಿಚ್ಚುವ ಮೊದಲು ಮುಚ್ಚಳದಿಂದ ಡಬ್ಬಿಯವರೆಗೆ ಅಂಚಿನ ಮೇಲೆ ಒಂದು ಗೀರು ಎಳೆಯಿರಿ. ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕಲ್ವಾ? ರಿವೆಟ್ ಇದ್ದರೆ ಡ್ರಿಲ್ ಮಾಡಿ ತೆಗೆದು, ಕೊನೆಗೆ ಅದೇ ಅಳತೆಯ ಬೋಲ್ಟ್ ಹಾಕಬಹುದು. ತಟ್ಟೆಯ ಅಂಚಿನ ಕಾಗದದ ಗ್ಯಾಸ್ಕೆಟ್ ಹರಿದರೆ ಅಷ್ಟೇ ದಪ್ಪದ ಕಾಗದವನ್ನೇ ಕತ್ತರಿಸಿ ಹಾಕಿ. ಕಾಯಿಲ್ ಮತ್ತು ತಟ್ಟೆಯ ನಡುವಿನ ಕೂದಲೆಳೆಯ ಸಂದನ್ನು ಕಾಯುವುದು ಈ ಕಾಗದದ ದಪ್ಪವೇ. ತಟ್ಟೆಯ ನಡುವಿನ ನಟ್ ಮಾತ್ರ ಮುಟ್ಟಲೇಬೇಡಿ.

ನಮ್ಮ ಹಾರ್ನ್ ಬಾಯಿಯಲ್ಲಿ ಕುಂಬಾರ ಹುಳದ ಗೂಡು ಕೂತಿತ್ತು. ಕೆಮ್ಮಣ್ಣಿನ ಗೂಡು, ಕಲ್ಲಿನಷ್ಟು ಗಟ್ಟಿ. ಮಲೆನಾಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಜಾಸ್ತಿ. ಕಡ್ಡಿಯಿಂದ ಕೆದಕಿ ತೆಗೆದು, ಒಳಗಿನ ತುಕ್ಕನ್ನು ಬ್ರಷ್‌ನಿಂದ ಉಜ್ಜಿದೆ. ತಟ್ಟೆಯನ್ನು ಬೆಳಕಿಗೆ ಹಿಡಿದು ಬಿರುಕಿದೆಯಾ ನೋಡಿ. ಬಣ್ಣ ಬಳಿಯುವುದಾದರೆ ತೆಳ್ಳಗೆ ಒಂದೇ ಕೋಟ್. ದಪ್ಪ ಬಳಿದರೆ ತೂಕ ಹೆಚ್ಚಿ ದನಿಯೇ ಬದಲಾಗುತ್ತದೆ.

ನಿಜವಾದ ಕೆಲಸ ಇರುವುದು ಪಾಯಿಂಟಿನಲ್ಲಿ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಜೋಳದ ಕಾಳಿಗಿಂತ ಚಿಕ್ಕ ಎರಡು ಗುಂಡು ಬಿಲ್ಲೆಗಳು. ನಮ್ಮದರಲ್ಲಿ ಒಂದರ ಮೇಲೆ ಕಿಡಿ ಹಾರಿ ಹಾರಿ ಗುಳಿ ಬಿದ್ದಿತ್ತು, ಇನ್ನೊಂದರ ಮೇಲೆ ಅಷ್ಟೇ ಎತ್ತರದ ಉಬ್ಬು ಎದ್ದಿತ್ತು, ಸುತ್ತ ಬೂದು ಬಣ್ಣ. ಪಾಯಿಂಟ್ ಅರವನ್ನು ನಡುವೆ ಸಪಾಟಾಗಿ ತೂರಿಸಿ, ನಾಲ್ಕೈದು ಸಲ ನಿಧಾನವಾಗಿ ಎಳೆಯಿರಿ. ಉಪ್ಪುಕಾಗದ ಬೇಡ, ಅದರ ಹರಳು ಪಾಯಿಂಟಿನಲ್ಲೇ ಉಳಿದು ಕರೆಂಟ್ ತಡೆಯುತ್ತದೆ. ಆಮೇಲೆ ಪೆಟ್ರೋಲ್ ತಾಗಿಸಿದ ಗಟ್ಟಿ ಕಾಗದದ ಪಟ್ಟಿಯನ್ನು ನಡುವೆ ಎಳೆಯಿರಿ. ಕರಿ ಗೆರೆ ಬೀಳುವುದು ನಿಲ್ಲುವವರೆಗೆ ಎಳೆಯುತ್ತಿರಿ. ಪೆಟ್ರೋಲ್ ಪೂರ್ತಿ ಆರುವ ತನಕ ಕರೆಂಟ್ ಕೊಡಲೇಬೇಡಿ. ಪಾಯಿಂಟ್ ಮತ್ತೆ ಮತ್ತೆ ಬೇಗ ಸುಡುತ್ತಿದ್ದರೆ ಅದರ ಪಕ್ಕದ ಕಂಡೆನ್ಸರ್ ಅಥವಾ ರೆಸಿಸ್ಟರ್ ಹೋಗಿರಬಹುದು. ಕಿಡಿ ತಡೆಯುವುದು ಅದೇ.

ಮುಚ್ಚಳ ಹಾಕುವಾಗ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕೊನೆಗೆ ಅಡ್ಜಸ್ಟ್ ಸ್ಕ್ರೂ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಹಾರ್ನನ್ನು ಅದರ ಬ್ರಾಕೆಟ್ ಸಮೇತ ವೈಸ್‌ಗೆ ಕಚ್ಚಿಸಿ. ಕೈಯಲ್ಲಿ ಹಿಡಿದರೆ ದನಿ ಸರಿಯಾಗಿ ಬರುವುದಿಲ್ಲ. ಮಾಮೂಲಿ ಕ್ರಮ ಹೀಗಿದೆ: ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತಾ, ನಡುನಡುವೆ ಅರೆ ಸೆಕೆಂಡ್ ಕರೆಂಟ್ ಕೊಟ್ಟು ನೋಡಿ. ಹಾರ್ನ್ ಕೂಗುವುದು ನಿಂತ ಜಾಗದಿಂದ ಬಲಕ್ಕೆ ಕಾಲು ಸುತ್ತು ತನ್ನಿ. ಇದು ದನಿ ಏರಿಸುವ ಸ್ಕ್ರೂ ಅಲ್ಲ, ಸವೆತ ಸರಿದೂಗಿಸುವ ಸ್ಕ್ರೂ. ಜೋರು ಬರಲಿ ಅಂತ ಸುಮ್ನೆ ತಿರುಗಿಸುತ್ತಾ ಹೋದರೆ ಪಾಯಿಂಟ್ ಸುಡುತ್ತದೆ. ಜೋಡಿ ಹಾರ್ನ್ ಇದ್ದರೆ ಒಂದರ ವೈರ್ ತೆಗೆದು, ಲೋಹಕ್ಕೆ ತಾಗದಂತೆ ಟೇಪ್ ಸುತ್ತಿಟ್ಟು, ಇನ್ನೊಂದನ್ನು ಒಂಟಿಯಾಗಿ ಅಡ್ಜಸ್ಟ್ ಮಾಡಿ.

ಗಾಡಿಗೆ ಕೂರಿಸುವಾಗ ಬ್ರಾಕೆಟ್ ಕೂರುವ ಜಾಗದ ತುಕ್ಕು ಕೆರೆದು ತೆಗೆಯಿರಿ, ಬೋಲ್ಟ್ ಗಟ್ಟಿಯಾಗಿ ಬಿಗಿಯಿರಿ. ಬಾಯಿ ಸ್ವಲ್ಪ ಕೆಳಮುಖ ಇರಲಿ, ನಮ್ಮ ಮಳೆಗೆ ನೀರು ನಿಲ್ಲಬಾರದು. ವೈರಿನ ತುದಿಗೆ ಒಂದು ಚೂರು ಗ್ರೀಸ್ ಸವರಿ, ಒಳಗಡೆ ಮಾತ್ರ ಬೇಡ. ಈಗ ಕೈಮರದ ಕಡೆ ಒಂದು ಸುತ್ತು ಹೊರಡಬಹುದು.