ಸಾಲದಲ್ಲಿದ್ದ ವಿಮಾನ ಸಂಸ್ಥೆಯ ಟಿಕೆಟ್ಟು, ಪ್ರವಾಸ ವಿಮೆ ಮತ್ತು ನನ್ನ ಅನುಭವ

ಕಲಬುರಗಿಯ ಸ್ಟೇಷನ್ ರಸ್ತೆಯ ಕಡೆ ಹದಿನಾರು ವರ್ಷಗಳಿಂದ ರೈಲು, ಬಸ್ಸು ಮತ್ತು ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳಿಗೆ ಟಿಕೆಟ್ ಮಾಡುವಾಗ "ವಿಮೆ ಹಾಕ್ಲಿ ಏನ್ರಿ?" ಎಂದು ಕೇಳಿ, ಅವರು ತಲೆಯಾಡಿಸಿದಂತೆ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆನೇ ಹೊರತು, ಆ ಪಾಲಿಸಿಯ ಪೂರ್ತಿ ಕಾಗದವನ್ನು ಒಮ್ಮೆಯೂ ಓದಿರಲಿಲ್ಲ. ಅದನ್ನು ಮೊದಲ ಸಲ ಕೂತು ಓದಿದ್ದು, ಕೆಲವು ವರ್ಷಗಳ ಹಿಂದೆ, ಕೊಲ್ಲಿಯಲ್ಲಿ ಕೆಲಸಕ್ಕಿರುವ ನನ್ನ ತಮ್ಮನ ಮನೆಗೆ ಅವ್ವ, ಹೆಂಡತಿ, ಮಗಳು ಮತ್ತು ನಾನು ಹೊರಟಾಗ.

ಹೈದರಾಬಾದಿನಿಂದ ಹೊರಡುವ ವಿಮಾನಗಳಲ್ಲಿ ಒಂದು ಸಂಸ್ಥೆಯ ದರ ಉಳಿದವರಿಗಿಂತ ನಾಲ್ಕು ಜನಕ್ಕೆ ಸೇರಿ ಹದಿನೆಂಟು ಸಾವಿರ ರೂಪಾಯಿ ಕಡಿಮೆ ಇತ್ತು. ಅದು ಯಾಕೆ ಕಡಿಮೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿತ್ತು. ಸಿಬ್ಬಂದಿಗೆ ಸಂಬಳ ತಡವಾಗುತ್ತಿದೆ, ಬಾಡಿಗೆ ಕೊಡದ ವಿಮಾನಗಳನ್ನು ಮಾಲೀಕ ಕಂಪನಿಗಳು ವಾಪಸು ಕೇಳುತ್ತಿವೆ ಎಂಬ ಸುದ್ದಿ ವಾರಕ್ಕೊಂದು ಬರುತ್ತಿತ್ತು. ಆ ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಲ್ಲ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನಿಂತದ್ದನ್ನೂ, 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದನ್ನೂ ನೋಡಿದ್ದವನಿಗೆ ಅಂಜಿಕೆ ಸಹಜವಾಗಿಯೇ ಇತ್ತು. ಆದರೂ ಹದಿನೆಂಟು ಸಾವಿರ ಎಂದರೆ ಅಲ್ಲಿ ಮೂರು ದಿನ ಓಡಾಡುವ ಖರ್ಚು. ವಿಮೆ ತೆಗೆದುಕೊಂಡು ಇದೇ ಟಿಕೆಟ್ ಮಾಡಿದರಾಯಿತು ಎಂದುಕೊಂಡೆ.

ಆ ಲೆಕ್ಕ ತಪ್ಪು ಎಂದು ತಿಳಿದದ್ದು ಪಾಲಿಸಿ ಓದಿದಾಗ. ಮೂರು ಕಂಪನಿಗಳ ಪಾಲಿಸಿ ಕಾಗದ ಇಳಿಸಿಕೊಂಡು, ಒಂದು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಮೊದಲ ಪುಟಗಳಲ್ಲಿ ಎಲ್ಲವೂ ಚೆಂದ: ಆಸ್ಪತ್ರೆಯ ಖರ್ಚು, ಕಳೆದ ಪಾಸ್‌ಪೋರ್ಟು, ತಡವಾದ ಬ್ಯಾಗು, ಪ್ರವಾಸ ರದ್ದು. ಪ್ರವಾಸ ರದ್ದು ಎಂಬ ಶೀರ್ಷಿಕೆ ನೋಡಿಯೇ ಬಹಳ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅದರ ಕೆಳಗೆ ಯಾವ ಯಾವ ಕಾರಣಕ್ಕೆ ರದ್ದಾದರೆ ಹಣ ಸಿಗುತ್ತದೆ ಎಂಬ ಪಟ್ಟಿ ಇರುತ್ತದೆ. ಪ್ರಯಾಣಿಕನ ಅಥವಾ ಹತ್ತಿರದ ಸಂಬಂಧಿಯ ಸಾವು, ಗಂಭೀರ ಕಾಯಿಲೆ, ನೈಸರ್ಗಿಕ ವಿಕೋಪ, ಹೀಗೆ. ವಿಮಾನ ಸಂಸ್ಥೆ ದಿವಾಳಿಯಾದರೆ ಎಂಬ ಮಾತು ನಾನು ಓದಿದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎರಡು ಪಾಲಿಸಿಗಳಲ್ಲಂತೂ ಹೊರತುಪಡಿಕೆಗಳ ಭಾಗದಲ್ಲಿ, ಸಾರಿಗೆ ಸಂಸ್ಥೆಯ ಆರ್ಥಿಕ ವೈಫಲ್ಯದಿಂದಾಗುವ ನಷ್ಟಕ್ಕೆ ನಾವು ಹೊಣೆಯಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಮೂರನೆಯದರಲ್ಲಿ ಆ ವಾಕ್ಯ ಇರಲಿಲ್ಲ, ಆದರೆ ಪಾಲಿಸಿ ಕೊಳ್ಳುವ ಮೊದಲೇ ತಿಳಿದಿದ್ದ ಅಥವಾ ನಿರೀಕ್ಷಿಸಬಹುದಾಗಿದ್ದ ಘಟನೆಗೆ ಪರಿಹಾರವಿಲ್ಲ ಎಂಬ ಇನ್ನೊಂದು ವಾಕ್ಯ ಇತ್ತು. ಪತ್ರಿಕೆಯಲ್ಲಿ ದಿನಾ ಬರುತ್ತಿರುವ ಸುದ್ದಿಯನ್ನು ನಾನು ನಿರೀಕ್ಷಿಸಿರಲಿಲ್ಲ ಎಂದು ಯಾವ ಮುಖ ಹೊತ್ತು ಹೇಳಲಿ? ಬ್ರಿಟನ್ನಿನಲ್ಲಿ ವಿಮಾನ ಸಂಸ್ಥೆ ಮುಳುಗಿದರೆ ಹಣ ಕೊಡುವ ಪ್ರತ್ಯೇಕ ವಿಮೆಯೇ ಉಂಟು. ಅಲ್ಲಿಯೂ ಒಂದು ಸಂಸ್ಥೆಯ ಸಂಕಷ್ಟ ಬಹಿರಂಗವಾದ ಮೇಲೆ ವಿಮಾ ಕಂಪನಿಗಳು ಅದನ್ನು ಪಟ್ಟಿಯಿಂದ ಕೈಬಿಡುವುದುಂಟು.

ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಆ ಹುಡುಗಿ ಮೊದಲು "ಎಲ್ಲಾ ಕವರ್ ಆಗುತ್ತೆ ಸರ್" ಎಂದಳು. ಹೊರತುಪಡಿಕೆಯ ವಾಕ್ಯವನ್ನು ಓದಿ ಹೇಳಿದಾಗ ಎರಡು ನಿಮಿಷ ಹಾಡು ಕೇಳಿಸಿ, ಬಂದು, "ಅದು ಆಗಲ್ಲ ಸರ್" ಎಂದಳು. ಅವಳ ತಪ್ಪೇನೂ ಇಲ್ಲ. ನಾನೂ ಕೌಂಟರಿನಲ್ಲಿ ಕೂತು ಎಷ್ಟೋ ಜನಕ್ಕೆ ಅದೇ ಮಾತು ಹೇಳಿದ್ದೆ.

ಹೀಗಾಗಿ ವಿಮೆಯನ್ನೂ ಟಿಕೆಟ್ಟಿನ ಹಣವನ್ನೂ ಬೇರೆ ಬೇರೆಯಾಗಿ ಯೋಚಿಸಬೇಕಾಯಿತು. ಅವ್ವನಿಗೆ ಅರವತ್ತೆಂಟು ವರ್ಷ, ಬಿ.ಪಿ. ಇದೆ. ಅಲ್ಲಿ ಆಸ್ಪತ್ರೆ ಸೇರಿದರೆ ಆಗುವ ಖರ್ಚಿಗೆ ವಿಮೆ ಬೇಕೇ ಬೇಕು, ವಿಮಾನ ಯಾವ ಸಂಸ್ಥೆಯದೇ ಆಗಿರಲಿ. ಬಿ.ಪಿ. ಇರುವುದನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆದೆ. ಅದರಿಂದ ಕಂತು ಒಂದಿಷ್ಟು ಹೆಚ್ಚಾಯಿತು. ಪ್ರವಾಸ ರದ್ದಿನ ರಕ್ಷಣೆ ಪಾಲಿಸಿ ಕೊಂಡ ದಿನದಿಂದಲೇ ಶುರುವಾಗುವುದರಿಂದ, ಹೊರಡುವ ಹಿಂದಿನ ದಿನದವರೆಗೆ ಕಾಯದೆ ಟಿಕೆಟ್ ಮಾಡಿದ ದಿನವೇ ಪಾಲಿಸಿ ಮಾಡಿಸಿದೆ.

ಟಿಕೆಟ್ಟಿನ ಹಣದ ವಿಷಯದಲ್ಲಿ ಮಾಡಿದ್ದು ನನ್ನ ಕಸುಬಿಗೆ ವಿರುದ್ಧವಾದ ಕೆಲಸ. ನಮ್ಮಂಥ ಸಣ್ಣ ಏಜೆಂಟರು ದೊಡ್ಡ ಏಜೆನ್ಸಿಯ ಪೋರ್ಟಲಿನಲ್ಲಿ ಮೊದಲೇ ಹಣ ತುಂಬಿಟ್ಟು, ಆ ವ್ಯಾಲೆಟ್ಟಿನಿಂದ ಟಿಕೆಟ್ ತೆಗೆಯುತ್ತೇವೆ. ಗಿರಾಕಿಯ ಹಣ ನನ್ನ ಕೈಗೆ, ನನ್ನಿಂದ ಪೋರ್ಟಲಿಗೆ, ಅಲ್ಲಿಂದ ವಿಮಾನ ಸಂಸ್ಥೆಗೆ ಹೋಗುತ್ತದೆ. ವಾಪಸು ಬರಬೇಕಾದರೆ ಅದೇ ದಾರಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬರಬೇಕು. ಸಂಸ್ಥೆಯೇ ಮುಳುಗಿದರೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ನನ್ನ ಕಮಿಷನ್ ಬಿಟ್ಟು, ವಿಮಾನ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ, ನನ್ನ ಹೆಸರಿನ ಕ್ರೆಡಿಟ್ ಕಾರ್ಡಿನಿಂದ ಟಿಕೆಟ್ ತೆಗೆದೆ. ಕಾರ್ಡಿನಲ್ಲಿ ಹಣ ಕೊಟ್ಟು ಸೇವೆ ಸಿಗದಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸಿ ಹಣ ವಾಪಸು ಪಡೆಯುವ ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆ ಇದೆ, ಅದಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವು ಇರುತ್ತದೆ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಹಣ ಪಡೆದವರ ಹೆಸರಾಗಿ ಯಾರ ಹೆಸರು ಬರುತ್ತದೋ ಅವರ ಮೇಲೆಯೇ ತಕರಾರು ನಿಲ್ಲುತ್ತದೆ. ಪೋರ್ಟಲಿನ ಹೆಸರು ಬಂದಿದ್ದರೆ, ಟಿಕೆಟ್ ಕೊಟ್ಟೆವಲ್ಲ, ನಮ್ಮ ಸೇವೆ ಮುಗಿಯಿತು ಎಂದು ಅವರು ವಾದಿಸಬಹುದಿತ್ತು.

ಹೊರಡಲು ಹನ್ನೊಂದು ದಿನ ಇರುವಾಗ ಮೆಸೇಜು ಬಂತು: ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ರದ್ದು, ನಿಮ್ಮ ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಲಾಗಿದೆ, ಒಂದು ವರ್ಷದೊಳಗೆ ಬಳಸಬಹುದು. ಕ್ರೆಡಿಟ್ ಶೆಲ್ ಎಂದರೆ ಹಣ ವಾಪಸು ಕೊಡದೆ, ಅದೇ ಸಂಸ್ಥೆಯ ಮುಂದಿನ ಟಿಕೆಟ್ಟಿಗೆಂದು ಅವರಲ್ಲೇ ಜಮೆ ಇಟ್ಟುಕೊಳ್ಳುವುದು. ಒಂದು ವರ್ಷ ಆ ಸಂಸ್ಥೆ ಇರುತ್ತದೆಂದು ಅದಕ್ಕೇ ನಂಬಿಕೆ ಇತ್ತೋ ಇಲ್ಲವೋ. ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡುವುದು ಪ್ರಯಾಣಿಕನ ಇಚ್ಛೆಗೆ ಬಿಟ್ಟದ್ದೇ ಹೊರತು ಸಂಸ್ಥೆ ತಾನಾಗಿ ಮಾಡುವಂತಿಲ್ಲ ಎಂದು ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿ.ಜಿ.ಸಿ.ಎ.ಯ ನಿಯಮವಿದೆ, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣವನ್ನು ಏಳು ದಿನದೊಳಗೆ ಮರಳಿಸಬೇಕೆಂದೂ ಇದೆ. ಆ ಎರಡನ್ನೂ ಉಲ್ಲೇಖಿಸಿ, ಕ್ರೆಡಿಟ್ ಶೆಲ್ ಬೇಡ, ಹಣ ಕಾರ್ಡಿಗೇ ಬರಲಿ ಎಂದು ಅದೇ ರಾತ್ರಿ ಇಮೇಲ್ ಕಳಿಸಿದೆ. ಆ ಶೆಲ್‌ನಿಂದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಮುಟ್ಟಿದ್ದರೆ ಒಪ್ಪಿಕೊಂಡಂತಾಗುತ್ತಿತ್ತು.

ಹತ್ತು ದಿನ ಕಾದರೂ ಹಣ ಬರಲಿಲ್ಲ. ಬ್ಯಾಂಕಿನ ತಕರಾರು ಅರ್ಜಿಯ ಜೊತೆ ಟಿಕೆಟ್ಟು, ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟು, ನನ್ನ ಇಮೇಲು ಮತ್ತು ಸ್ಟೇಟ್‌ಮೆಂಟಿನ ಆ ಸಾಲಿಗೆ ಹಳದಿ ಬಣ್ಣ ಬಳಿದ ಪುಟವನ್ನು ಇಟ್ಟೆ. "ಸೇವೆ ಒದಗಿಸಿಲ್ಲ" ಎಂಬ ಕಾರಣವನ್ನೇ ಆರಿಸಿದೆ. "ಪ್ರಯಾಣಿಕ ರದ್ದುಪಡಿಸಿದ್ದಾನೆ" ಎಂಬ ಇನ್ನೊಂದು ಕಾರಣ ಅದರ ಪಕ್ಕದಲ್ಲೇ ಇರುತ್ತದೆ, ಅವಸರದಲ್ಲಿ ಅದಕ್ಕೆ ಗುರುತು ಹಾಕಿದರೆ ರದ್ದತಿ ಶುಲ್ಕದ ಲೆಕ್ಕ ಶುರುವಾಗುತ್ತದೆ. ಕೆಲವು ದಿನಗಳಲ್ಲಿ ಹಣ ತಾತ್ಕಾಲಿಕವಾಗಿ ಜಮೆಯಾಯಿತು. ಅದು ಖಾಯಂ ಆಗಲು ಎರಡು ತಿಂಗಳ ಮೇಲೆ ಹಿಡಿಯಿತು.

ಅಷ್ಟರಲ್ಲಿ ಬೇರೆ ಸಂಸ್ಥೆಯಲ್ಲಿ ದುಬಾರಿ ಟಿಕೆಟ್ ತೆಗೆದು ಹೊರಟಿದ್ದೆವು. ಉಳಿಸಲು ಹೋದ ಹದಿನೆಂಟು ಸಾವಿರದ ಮೇಲೆ ಇನ್ನೂ ಆರು ಸಾವಿರ ಹೋಯಿತು. ಆ ವ್ಯತ್ಯಾಸವನ್ನು ಕಾರ್ಡೂ ಕೊಡುವುದಿಲ್ಲ, ವಿಮೆಯೂ ಕೊಡುವುದಿಲ್ಲ. ಪಾಲಿಸಿಯ ದಿನಾಂಕವನ್ನು ಮಾತ್ರ ಹೊರಡುವ ಮೊದಲೇ ಇಮೇಲ್ ಬರೆದು ಬದಲಿಸಿಕೊಂಡೆ. ಹುಮನಾಬಾದ್, ಜಹೀರಾಬಾದ್ ಮೇಲೆ ರಾತ್ರಿ ಕಾರಿನಲ್ಲಿ ಹೈದರಾಬಾದ್ ಸೇರಿ ವಿಮಾನ ಹತ್ತಿದೆವು. ಇಳಿದಾಗ ಅವ್ವನ ಬ್ಯಾಗು ಬೆಲ್ಟಿನ ಮೇಲೆ ಬರಲೇ ಇಲ್ಲ. ಅದರಲ್ಲಿ ಅವಳ ಸೀರೆಗಳು, ತಮ್ಮನಿಗೆಂದು ಕಟ್ಟಿದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. "ರೊಟ್ಟಿ ಮುರೀತಾವೋ ಏನೋ ಮಗಾ" ಎಂಬುದೊಂದೇ ಅವಳ ಚಿಂತೆ. ವಿಮಾನ ನಿಲ್ದಾಣ ಬಿಡುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿ.ಐ.ಆರ್. ಎಂಬ ದೂರು ಚೀಟಿ ಬರೆಸಿಕೊಂಡೆ. ಹೊರಗೆ ಬಂದ ಮೇಲೆ ಅದು ಸಿಗುವುದು ಕಷ್ಟ, ಅದಿಲ್ಲದೆ ವಿಮಾ ಕಂಪನಿ ಮಾತನ್ನೇ ಆಡುವುದಿಲ್ಲ. ಬ್ಯಾಗು ಒಂದೂವರೆ ದಿನದ ಮೇಲೆ ಬಂತು. ನಮ್ಮ ಪಾಲಿಸಿಯಲ್ಲಿ 12 ಗಂಟೆ ಮೀರಿದ ತಡಕ್ಕೆ ಪರಿಹಾರ ಇತ್ತು. ಅವ್ವನಿಗೆ ಕೊಂಡ ಎರಡು ಸೀರೆ, ಚಪ್ಪಲಿ, ಔಷಧಿಯ ರಸೀದಿಗಳನ್ನು ಕೊಟ್ಟೆ, ಊರಿಗೆ ಬಂದ ಇಪ್ಪತ್ತು ದಿನಕ್ಕೆ ಹಣ ಖಾತೆಗೆ ಬಿತ್ತು. ರಸೀದಿ ಇಲ್ಲದ ಒಂದು ಖರೀದಿಗೆ ಕೊಡಲಿಲ್ಲ.

ಇದಾದ ಮೇಲೆ 2023ರ ಮೇ 2ರಂದು ಗೋ ಫಸ್ಟ್ ವಿಮಾನ ಸಂಸ್ಥೆ ಸ್ವಯಂ ದಿವಾಳಿ ಅರ್ಜಿ ಹಾಕಿ ಮರುದಿನದಿಂದ ಹಾರಾಟ ನಿಲ್ಲಿಸಿತು. ದಿವಾಳಿ ಪ್ರಕ್ರಿಯೆ ಶುರುವಾದೊಡನೆ ವಸೂಲಿಗೆ ಕಾನೂನಿನ ತಡೆ ಬೀಳುತ್ತದೆ. ಕೊನೆಗೆ ಆಸ್ತಿ ಮಾರಿದರೆ ದಿವಾಳಿ ಸಂಹಿತೆಯ 53ನೇ ಕಲಮಿನ ಸಾಲಿನಲ್ಲಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ, ಬ್ಯಾಂಕುಗಳ ಸಾಲ, ಸರ್ಕಾರದ ಬಾಕಿ ಎಲ್ಲ ಮುಗಿದ ಮೇಲೆ ಟಿಕೆಟ್ ಕೊಂಡವನ ಸರದಿ. ಅದೇ ವರ್ಷ ಅಕ್ಟೋಬರ್ 3ರ ಅಧಿಸೂಚನೆಯಿಂದ ವಿಮಾನ ಮತ್ತು ಎಂಜಿನ್‌ಗಳಿಗೆ ಆ ತಡೆ ಅನ್ವಯಿಸುವುದಿಲ್ಲ ಎಂದಾಯಿತು, ಅಂದರೆ ಬಾಡಿಗೆಗೆ ಕೊಟ್ಟವರು ತಮ್ಮ ವಿಮಾನವನ್ನು ಬೇಗ ಒಯ್ಯಬಹುದು. ದಿವಾಳಿಯಾದ ಸಂಸ್ಥೆ ಮತ್ತೆ ಹಾರೀತು ಎಂದು ಟಿಕೆಟ್ ಹಿಡಿದು ಕಾಯುವುದಕ್ಕೆ ಈಗ ಮೊದಲಿದ್ದಷ್ಟೂ ಅರ್ಥವಿಲ್ಲ.

ಈಗ ಅಂಗಡಿಗೆ ಬಂದವರು ಇಂಥ ಅಗ್ಗದ ಟಿಕೆಟ್ ಕೇಳಿದರೆ, ಪಾಲಿಸಿಯ ಹೊರತುಪಡಿಕೆಯ ಪುಟವನ್ನು ಮೊಬೈಲಿನಲ್ಲಿ ತೆಗೆದು ಅವರ ಮುಂದಿಡುತ್ತೇನೆ. ಅಷ್ಟಾದರೂ ಬೇಕೆಂದರೆ, ಅವರ ಕಾರ್ಡಿನಿಂದ ಅವರ ಕೈಯಿಂದಲೇ ಸಂಸ್ಥೆಯ ಜಾಲತಾಣದಲ್ಲಿ ಟಿಕೆಟ್ ತೆಗೆಸಿ, ಪ್ರಿಂಟಿನ ಹತ್ತು ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇನೆ.