ಎಣ್ಣೆ ಡಬ್ಬಿ ಹಿಡಿದು ಹಳೇ ಸೈಕಲ್ಲಿನ ಜಾತಕ ಕೆದಕಿದ್ದು

ಹಳೇ ಸೈಕಲ್ ಸಿಕ್ಕರೆ ಎಲ್ಲರೂ ಮೊದಲು ನೋಡೋದು ಹ್ಯಾಂಡಲ್ ಕೆಳಗಿನ ಲೋಹದ ಬ್ಯಾಡ್ಜ್. ನನಗೆ ಸಿಕ್ಕಿದ್ದರಲ್ಲಿ ಅದೇ ಇರಲಿಲ್ಲ. ರಿವೆಟ್ ಹೊಡೆದಿದ್ದ ಎರಡು ತೂತು ಇದ್ದವು, ಅದರ ಮೇಲೂ ಯಾರೋ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯಿತು. ಬ್ಯಾಡ್ಜ್ ಕಿತ್ತು ಇನ್ನೊಂದು ಸೈಕಲ್‌ಗೆ ಹೊಡೆಯೋದು ದೊಡ್ಡ ಕೆಲಸವೇನಲ್ಲ, ಅದನ್ನು ನಂಬಿ ಕೂತರೆ ದಾರಿ ತಪ್ಪುವುದೇ ಜಾಸ್ತಿ. ಚಕ್ರದ ನಡುವಿನ ಹಬ್, ಪೆಡಲ್ ಪಕ್ಕದ ಹಲ್ಲಿನ ಚೈನ್ ವೀಲ್, ಪೆಡಲ್ ನಡುವಿನ ಬಾಟಮ್ ಬ್ರ್ಯಾಕೆಟ್, ಇವು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಆದರೆ ಇವೆಲ್ಲ ಗಟ್ಟಿಯಾದ ಗ್ರೀಸು, ತುಕ್ಕಿನ ಕೆಳಗೆ ಅಡಗಿರುತ್ತವೆ. ಹಾಗಾಗಿ ಈ ಪತ್ತೇದಾರಿಯಲ್ಲಿ ಮುಕ್ಕಾಲು ಪಾಲು ಎಣ್ಣೆ ಕೆಲಸವೇ.

ಉಪ್ಪುಕಾಗದ ತಗೊಂಡು ಉಜ್ಜೋಕೆ ಮಾತ್ರ ಹೋಗಬೇಡಿ. ಫ್ರೇಮ್ ಮೇಲೆ ಅಂಟಿಸಿದ ಹಳೇ ಅಕ್ಷರ, ಚಿನ್ನದ ಬಣ್ಣದ ಗೆರೆ ಎಲ್ಲ ಅದರ ಜೊತೆಗೇ ಹೋಗುತ್ತವೆ. ಪೆಟ್ರೋಲ್ ಹಾಕಿ ಒರೆಸಿದರೂ ಅದೇ ಗತಿ. ನಾನು ಸೋಪು ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಧೂಳು ತೆಗೆದು, ಒಣಗಿಸಿ, ಆಮೇಲೆ ತೆಳು ಮಿಷನ್ ಎಣ್ಣೆಯಿಂದ ನಿಧಾನಕ್ಕೆ ಒರೆಸಿದೆ.

ಫ್ರೇಮ್ ನಂಬರ್ ಸಾಮಾನ್ಯವಾಗಿ ಸೀಟಿನ ಕೆಳಗೆ ಪೈಪುಗಳು ಕೂಡುವ ಜಾಗದಲ್ಲೋ, ಬಾಟಮ್ ಬ್ರ್ಯಾಕೆಟ್ ಅಡಿಯಲ್ಲೋ, ಹಿಂದಿನ ಚಕ್ರ ಕೂರುವ ಕಡೆಯೋ ಇರುತ್ತದೆ. ನನ್ನದರಲ್ಲಿ ಸೀಟಿನ ಕೆಳಗೆ ಇತ್ತು, ಆದರೆ ಬಣ್ಣ ತುಂಬಿ ಬರೀ ಉಬ್ಬು ತಗ್ಗು ಕಾಣುತ್ತಿತ್ತು. ಅಲ್ಲಿ ಒಂದೆರಡು ಹನಿ ಎಣ್ಣೆ ಬಿಟ್ಟು, ಒಣಬಟ್ಟೆ ಸುತ್ತಿದ ಬೆರಳನ್ನು ಒಂದೇ ಸಲ ಅಡ್ಡ ಎಳೆದೆ. ಮೇಲಿನ ಎಣ್ಣೆ ಬಟ್ಟೆಗೆ ಬಂತು, ತಗ್ಗಿನದು ಅಲ್ಲೇ ಉಳಿಯಿತು. ಟಾರ್ಚನ್ನು ನೇರಕ್ಕೆ ಹಿಡಿಯದೆ ಪಕ್ಕದಿಂದ, ಫ್ರೇಮಿಗೆ ಒರಗಿಸಿ ಬಿಟ್ಟಾಗ ಅಂಕಿಗಳು ಒಂದೊಂದಾಗಿ ಕಪ್ಪಗೆ ಎದ್ದು ನಿಂತವು. 3 ಮತ್ತು 8ರ ನಡುವೆ ಅನುಮಾನ ಬಂದರೆ ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್‌ನಿಂದ ಉಜ್ಜಿ, ಅಚ್ಚು ಸ್ಪಷ್ಟವಾಗಿ ಬೀಳುತ್ತದೆ.

ಆದರೆ ನಂಬರ್ ಒಂದರಿಂದಲೇ ಏನೂ ಆಗಲ್ಲ. ಯಾವ ಕಂಪನಿ ಅಂತ ಗೊತ್ತಿಲ್ಲದಿದ್ದರೆ ಅದು ಸುಮ್ನೆ ಅಂಕಿಗಳ ಸಾಲು. ಕಂಪನಿ ಹಿಡಿಯೋಕೆ ನಾನು ನೋಡಿದ್ದು ಚೈನ್ ವೀಲ್. ಹಳೇ ಇಂಗ್ಲಿಷ್ ಸೈಕಲ್‌ಗಳಲ್ಲಿ ಚೈನ್ ವೀಲ್ ನಡುವಿನ ಕಟಿಂಗ್ ಅಂದರೆ ಕಂಪನಿಯ ಸಹಿಯೇ. ರ‍್ಯಾಲಿಯಲ್ಲಿ ಬಕಪಕ್ಷಿಯ ತಲೆ, ಹಂಬರ್‌ನಲ್ಲಿ ಕೈಕೈ ಹಿಡಿದ ಮನುಷ್ಯರು, ರಡ್ಜ್‌ನಲ್ಲಿ ಅಂಗೈ, ಬಿಎಸ್ಎಯಲ್ಲಿ ಅದೇ ಮೂರು ಅಕ್ಷರ. ನನ್ನದರಲ್ಲಿ ಗ್ರೀಸಿನ ಮಣ್ಣನ್ನು ಸೀಮೆಎಣ್ಣೆ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಕೆದಕುತ್ತಾ ಹೋದಂತೆ ಉದ್ದ ಕೊಕ್ಕು ಕಂಡಿತು. ಅಂದರೆ ರ‍್ಯಾಲಿ, ನಾಟಿಂಗ್‌ಹ್ಯಾಮ್‌ನ ಕಂಪನಿ.

ಚೈನ್ ವೀಲನ್ನೂ ಬದಲಾಯಿಸಬಹುದಲ್ವಾ? ಬದಲಾಯಿಸಬಹುದು. ಅದಕ್ಕೇ ಇನ್ನೊಂದು ಸಾಕ್ಷಿ ಬೇಕು, ಅದೂ ಫ್ರೇಮಿನಲ್ಲೇ ಕೊರೆದದ್ದು. ಬೇರೆ ಇಂಗ್ಲಿಷ್ ಸೈಕಲ್‌ಗಳ ಬಾಟಮ್ ಬ್ರ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಇಂಚಿಗೆ 24 ಮರೆ, ಅಂದರೆ ತಿರುಪಿನ ಗೆರೆ, ಇದ್ದರೆ, ರ‍್ಯಾಲಿ ತನ್ನದೇ ಲೆಕ್ಕ ಇಟ್ಟುಕೊಂಡು 26 ಮರೆ ಕೊರೆಯುತ್ತಿತ್ತು. ಇದನ್ನು ನೋಡಬೇಕಂದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಬಿಚ್ಚಬೇಕು, ಕ್ರ್ಯಾಂಕ್ ಬಿಚ್ಚಬೇಕಂದರೆ ಅದನ್ನು ಬಿಗಿ ಹಿಡಿದ ಕಾಟರ್ ಪಿನ್ ಹೊರಗೆ ಬರಬೇಕು. ಹಳೇ ಸೈಕಲ್ಲಿನಲ್ಲಿ ತಾಳ್ಮೆ ಪರೀಕ್ಷೆ ಮಾಡೋದು ಈ ಪಿನ್ನೇ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಎರಡೂ ಕಡೆಯಿಂದ ಬಿಟ್ಟು ರಾತ್ರಿಯಿಡೀ ಹಾಗೇ ಇಡಬೇಕು, ಬೆಳಿಗ್ಗೆ ಇನ್ನೊಂದು ಸಲ ಬಿಡಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿ, ಕ್ರ್ಯಾಂಕ್ ಕೆಳಗೆ ಪಿನ್ನಿನ ತಲೆ ಇಳಿಯೋಕೆ ಜಾಗ ಬಿಟ್ಟು ಗಟ್ಟಿ ಆಸರೆ ಕೊಟ್ಟು, ಒಂದೇ ಜೋರು ಏಟು. ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸ್ ಮೇಲೆ ಬೀಳುತ್ತದೆ. ಬಾಲ್ಸ್ ಕೂರುವ ಕಪ್ ಹೊರಗೆ ಬಂದ ಮೇಲೆ ಮರೆ ಅಳೆಯುವ ಗೇಜ್ ಇಟ್ಟು ನೋಡಿದೆ. 26ರದ್ದು ಸರಿಯಾಗಿ ಕೂತಿತು.

ವರ್ಷ ಗೊತ್ತಾಗಿದ್ದು ಹಿಂದಿನ ಹಬ್ಬಿನಿಂದ. ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ ಇದ್ದರೆ ನಿಮ್ಮ ಅದೃಷ್ಟ. ಹಬ್ ಮೇಲೆಯೇ ವರ್ಷ, ತಿಂಗಳು ಒತ್ತಿರುತ್ತಾರೆ. ನನ್ನದರಲ್ಲಿ ಎಡಬ್ಲ್ಯು ಅಂತ ಮಾದರಿಯ ಹೆಸರು ಇತ್ತು, ಜೊತೆಗೆ 55, ಪಕ್ಕದಲ್ಲಿ 7. ಅಂದರೆ 1955ರ ಜುಲೈ. ಈ ಮಾದರಿ ಬಂದಿದ್ದೇ 1936ರಲ್ಲಿ, ಆದ್ದರಿಂದ ಇದೇ ಹಬ್ ಕೂತಿರುವ ಯಾರದೋ ಸೈಕಲ್ಲನ್ನು 1920ರದ್ದು ಅಂತ ಹೇಳಿದರೆ ನಂಬಬೇಡಿ. ಆದರೆ ಹಬ್ಬಿನ ತಾರೀಖು ಹಬ್ಬಿನದು, ಸೈಕಲ್ಲಿನದಲ್ಲ. ಚಕ್ರ ಬದಲಾಗಿದೆಯಾ ಅಂತ ನೋಡೋಕೆ ಕಡ್ಡಿ ಎಣಿಸಬೇಕು. ಆಗಿನ ಇಂಗ್ಲಿಷ್ ಪದ್ಧತಿ ಮುಂದೆ 32, ಹಿಂದೆ 40. ನನ್ನದರಲ್ಲಿ ಹಿಂದೆ 40 ಸರಿಯಾಗಿತ್ತು, ಮುಂದೆ 36. ಮುಂದಿನ ಚಕ್ರ ಆಮೇಲೆ ಬಂದ ಸೊಸೆ ಅಂತಾಯಿತು. ಫ್ರೇಮು, ಚೈನ್ ವೀಲ್, ಹಿಂದಿನ ಚಕ್ರ ಮೂರೂ ಒಂದೇ ಮಾತು ಹೇಳುತ್ತಿದ್ದವು, ಅಷ್ಟು ಸಾಕಿತ್ತು. ಹಬ್ ಜಪಾನಿನ ಶಿಮಾನೋದಾಗಿದ್ದರೆ ಎರಡು ಇಂಗ್ಲಿಷ್ ಅಕ್ಷರ ಹುಡುಕಿ: ಮೊದಲನೆಯದು ವರ್ಷ, ಎ ಅಂದರೆ 1976, ಬಿ ಅಂದರೆ 1977. ಎರಡನೆಯದು ತಿಂಗಳು.

ಈಗ ಎಣ್ಣೆ ವಿಷಯ. ಎಲ್ಲದಕ್ಕೂ ಒಂದೇ ಸ್ಪ್ರೇ ಹೊಡೆಯೋ ಅಭ್ಯಾಸ ನನಗೆ ಇಷ್ಟವಿಲ್ಲ. ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿಯಲ್ಲಿ, ತೇವ ಓಡಿಸಿ ತುಕ್ಕು ತಡೆಯೋಕೆ. ಅಟ್ಲಾಸ್ ಕ್ಷಿಪಣಿಯ ಮೈಗೆ ಬಳಿಯುತ್ತಿದ್ದರು. ಜಾಮ್ ಆದ ನಟ್ಟಿಗೆ, ಸ್ಟಿಕ್ಕರ್ ಅಂಟು ತೆಗೆಯೋಕೆ, ಒದ್ದೆಯಾದ ಸ್ಪಾನರ್ ಒರೆಸೋಕೆ ಅದು ಚೆನ್ನ. ಚೈನಿಗೆ ಅದೊಂದನ್ನೇ ಹಾಕಿ ಬಿಟ್ಟರೆ ಒಳಗಿನ ಹಳೇ ಎಣ್ಣೆಯನ್ನೂ ತೊಳೆದು, ತಾನೂ ಬಹುಪಾಲು ಆರಿಹೋಗಿ, ಸ್ವಲ್ಪ ದಿನಕ್ಕೆ ಚೈನ್ ಮತ್ತೆ ಕಿರುಗುಟ್ಟುತ್ತದೆ. ತೊಳೆದ ಮೇಲೆ ಚೈನಿನ ಎಣ್ಣೆ ಹಾಕಲೇಬೇಕು. ಹೊರಗೆಲ್ಲ ಸುರಿಯದೆ ಪ್ರತಿ ಕೊಂಡಿಯ ಉರುಳೆಗೆ ಒಂದು ಹನಿ, ಆಮೇಲೆ ಹೊರಮೈ ಒಣಗುವಷ್ಟು ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಅರ ಹಾಕಿದಂತೆ ಚೈನನ್ನು ಸವೆಸುತ್ತದೆ.

ತ್ರೀ-ಇನ್-ಒನ್ ಎಣ್ಣೆ ಸೈಕಲ್ಲಿಗಾಗಿಯೇ ಹುಟ್ಟಿದ್ದು. 1894ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾರ್ಜ್ ಕೋಲ್ ಎಂಬಾತ ಮಾಡಿದ. ಇವತ್ತು ಅದು ಹೆಚ್ಚಾಗಿ ಮನೆಯ ಬಾಗಿಲಿಗೆ, ಕತ್ತರಿಗೆ ಹೋಗುತ್ತದೆ. ಗೇರ್ ಹಬ್ಬಿಗೆ ನಾನು ಅದನ್ನು ಹಾಕಲಿಲ್ಲ, 20 ಗ್ರೇಡಿನ ಎಂಜಿನ್ ಆಯಿಲ್‌ನ ಕೆಲವು ಹನಿ ಬಿಟ್ಟೆ. ಫ್ರೀವೀಲ್ ಒಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗೂ ತೆಳು ಎಣ್ಣೆಯೇ, ಗ್ರೀಸ್ ತುಂಬಿದರೆ ಅದು ಅಂಟಿಕೊಂಡು ಪೆಡಲ್ ಸುಮ್ನೆ ತಿರುಗುತ್ತದೆ. ಗ್ರೀಸ್ ಬೇಕಾದ್ದು ಬಾಲ್ಸ್ ಇರುವಲ್ಲಿ, ಸೀಟ್ ಪೋಸ್ಟಿಗೆ, ಪೆಡಲ್ ಮರೆಗೆ. ಎಡ ಪೆಡಲ್ ಮರೆ ಉಲ್ಟಾ ಅನ್ನೋದು ನೆನಪಿರಲಿ.

ಉಳಿದ ಎಣ್ಣೆ ಮನೆಯೊಳಗೆ ಹೋಯಿತು. ಕಿರುಗುಟ್ಟುವ ಬಾಗಿಲಿಗೆ ಮೇಲಿಂದ ಎಣ್ಣೆ ಸುರಿದರೆ ಗೋಡೆಗೆ ಕಪ್ಪು ಗೆರೆ ಇಳಿಯುತ್ತದೆ. ಕೀಲಿನ ಕಡ್ಡಿ ಎತ್ತಿ ಒರೆಸಿ ಚೂರು ಗ್ರೀಸ್ ಸವರಿ ವಾಪಸ್ ಇಳಿಸಿದರೆ ಬಹಳ ಕಾಲ ಸದ್ದಿಲ್ಲ. ಬೀಗದ ಒಳಗೆ ಗ್ರ್ಯಾಫೈಟ್ ಪುಡಿ ಚೆನ್ನ, ಅದರ ಮೇಲೆ ಎಣ್ಣೆ ಬಿಟ್ಟರೆ ಎರಡೂ ಸೇರಿ ಕೆಸರಾಗುತ್ತದೆ. ಮರದ ಡ್ರಾಯರ್‌ಗೆ ಎಣ್ಣೆ ಬೇಡ, ಮೇಣದಬತ್ತಿ ಉಜ್ಜಿ. ಹೊಲಿಗೆ ಯಂತ್ರಕ್ಕೆ ಬಣ್ಣವಿಲ್ಲದ ಮಿಷನ್ ಎಣ್ಣೆಯೇ ಬೇಕು, ಬಟ್ಟೆಗೆ ಕಲೆ ಕಟ್ಟಬಾರದಲ್ಲ. ಸೂರ್ಯಕಾಂತಿಯಂಥ ಅಡುಗೆ ಎಣ್ಣೆಯನ್ನು ಇವ್ಯಾವುದಕ್ಕೂ ಹಾಕಬೇಡಿ, ಗಾಳಿ ತಾಕಿ ನಿಧಾನಕ್ಕೆ ಗೋಂದಿನಂತೆ ಅಂಟಾಗುತ್ತದೆ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ, ಹಾಗಾಗಿ ರಬ್ಬರ್ ಇರುವಲ್ಲಿ ಸಿಲಿಕೋನ್. ಇನ್ನು ರಿಮ್ಮಿನ ಮೇಲೆ, ಬ್ರೇಕ್ ತಾಕುವ ಜಾಗದಲ್ಲಿ, ಈ ಯಾವ ಎಣ್ಣೆಯೂ ಒಂದು ಹನಿ ಕೂಡ ಬೀಳಬಾರದು. ನಾನು ಸ್ಪ್ರೇ ಹೊಡೆಯುವಾಗ ಹಳೇ ನ್ಯೂಸ್ ಪೇಪರ್ ಹಿಂದೆ ಹಿಡಿದೇ ಹೊಡೆಯುತ್ತೇನೆ.